ಏರಿ ಇಳಿಯುವ ಸಂಖ್ಯೆ: 12345654321ರ ಒಡಲನ್ನು ಕಾಗದದ ಮೇಲೆ ಬಿಡಿಸುವ ಬಗೆ

ಒಂದು ಹಾಳೆಯ ಮೇಲೆ 27994681 ಎಂದು ಬರೆದು ಅದನ್ನು 441ರಿಂದ ಗುಣಿಸಿ. ಕ್ಯಾಲ್ಕ್ಯುಲೇಟರ್ ಬೇಡ, ಕೈಯಲ್ಲೇ ಮಾಡಿ. 400ರಿಂದ ಗುಣಿಸಿದರೆ 11197872400 ಬರುತ್ತದೆ, 41ರಿಂದ ಗುಣಿಸಿದರೆ 1147781921. ಎರಡನ್ನೂ ಕೂಡಿಸಿ: 12345654321. ಯಾವ ಚೆಲುವೂ ಕಾಣದ ಎರಡು ಸಂಖ್ಯೆಗಳಿಂದ, ಒಂದರಿಂದ ಆರರವರೆಗೆ ಮೆಟ್ಟಿಲು ಹತ್ತಿ ಮತ್ತೆ ಒಂದಕ್ಕೆ ಇಳಿದು ಬರುವ ಸಂಖ್ಯೆ ಹುಟ್ಟಿತು.

ಈ ಗುಣಾಕಾರ ನನ್ನದಲ್ಲ. ಸುಮಾರು 850ರ ಹೊತ್ತಿಗೆ ಮಹಾವೀರಾಚಾರ್ಯ ತನ್ನ ‘ಗಣಿತಸಾರಸಂಗ್ರಹ’ದಲ್ಲಿ ಕೊಟ್ಟದ್ದು. ಸಂಸ್ಕೃತದಲ್ಲಿರುವ ಆ ಗ್ರಂಥದ ಆರಂಭದಲ್ಲೇ ಆತ ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನನ್ನು ಕೊಂಡಾಡುತ್ತಾನೆ. ನೃಪತುಂಗನ ರಾಜಧಾನಿ ಮಾನ್ಯಖೇಟ, ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ. ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ ಆಗಿರುವ ಇಂಥ ಗುಣಲಬ್ಧಗಳನ್ನು ಮಹಾವೀರ ಕೊರಳ ಹಾರಕ್ಕೆ ಹೋಲಿಸುತ್ತಾನೆ. ನಮ್ಮ ಸಂಖ್ಯೆಯನ್ನು ಆತ ಬಣ್ಣಿಸುವ ರೀತಿಯೂ ಸೊಗಸು: ಒಂದರಿಂದ ತೊಡಗಿ ಆರರಲ್ಲಿ ಮುಗಿದು, ಅಲ್ಲಿಂದ ಕ್ರಮವಾಗಿ ಕುಗ್ಗುವುದು.

ಹಾರ ಹೊರಗಿನ ಚೆಲುವು. ಆ ಸಂಖ್ಯೆಯ ಒಳಗೆ ಏನಿದೆ ಎಂಬುದನ್ನು ನಾವೇ ಬಿಡಿಸಿ ನೋಡಬಹುದು. ಅದಕ್ಕೆ ಬೇಕಾದದ್ದು ಚೌಕುಳಿ ಹಾಳೆ, ಪೆನ್ಸಿಲ್, 40ರೊಳಗಿನ ಅವಿಭಾಜ್ಯ ಸಂಖ್ಯೆಗಳ ನೆನಪು ಮತ್ತು ಒಂದು ಬಿಡುವಿನ ಸಂಜೆ. ಉತ್ತರ ತಾಳೆ ನೋಡಲು ಮೊಬೈಲ್ ಬಳಸಬಹುದು. ಎಂಟು ಅಂಕಿಗಳ ಸಣ್ಣ ಕ್ಯಾಲ್ಕ್ಯುಲೇಟರ್ ಇಲ್ಲಿ ಸಾಲದು, ನಮ್ಮ ಸಂಖ್ಯೆಗೆ ಹನ್ನೊಂದು ಅಂಕಿಗಳಿವೆ.

ಮೊದಲ ಹೆಜ್ಜೆ: ಮೂರು ಬಗೆಯಲ್ಲಿ ಬರೆದುಕೊಳ್ಳಿ

ಓದುವುದಕ್ಕೆ ನಮ್ಮ ರೂಢಿಯ ಅಲ್ಪವಿರಾಮ ಸರಿ: 12,34,56,54,321. ಅಂದರೆ 1234 ಕೋಟಿ 56 ಲಕ್ಷ 54 ಸಾವಿರದ 321. ಆದರೆ ಲೆಕ್ಕಕ್ಕೆ ಈ ಬರಹ ಸಾಲದು. ಅದರ ಕೆಳಗೆ ಬಲಗಡೆಯಿಂದ ಎರಡೆರಡು ಅಂಕಿಗಳ ಜೋಡಿ ಮಾಡಿ ಬರೆಯಿರಿ: 1 | 23 | 45 | 65 | 43 | 21. ಇದು ವರ್ಗಮೂಲಕ್ಕೆ. ಅದರ ಕೆಳಗೆ ಮೂರು ಮೂರರ ಗುಂಪು ಮಾಡಿ: 12 | 345 | 654 | 321. ಇದು ಭಾಗಾಕಾರದ ಪರೀಕ್ಷೆಗೆ. ಕೋಟಿ-ಲಕ್ಷದ ಅಲ್ಪವಿರಾಮವನ್ನೇ ನಂಬಿ ಗುಂಪು ಮಾಡಿದರೆ ಮುಂದಿನ ಪರೀಕ್ಷೆಗಳೆಲ್ಲ ತಪ್ಪುತ್ತವೆ. ಅನೇಕರು ಎಡವುವುದು ಇಲ್ಲಿಯೇ.

ಎರಡನೆಯ ಹೆಜ್ಜೆ: ಇದು ಪೂರ್ಣ ವರ್ಗವೇ?

ವರ್ಗಮೂಲ ತೆಗೆಯುವ ಮುನ್ನ ಅದಕ್ಕೆ ಅರ್ಹತೆ ಇದೆಯೇ ಎಂದು ನೋಡುವುದು ಒಳ್ಳೆಯದು. ಪೂರ್ಣ ವರ್ಗದ ಕೊನೆಯ ಅಂಕಿ 2, 3, 7, 8 ಆಗಿರುವುದಿಲ್ಲ; ಇಲ್ಲಿ 1 ಇದೆ. ಬೆಸ ಸಂಖ್ಯೆಯ ವರ್ಗವನ್ನು 8ರಿಂದ ಭಾಗಿಸಿದರೆ ಶೇಷ 1 ಉಳಿಯಲೇಬೇಕು; ಕೊನೆಯ ಮೂರು ಅಂಕಿ 321 = 8 × 40 + 1, ಇದೂ ಸರಿ. ಅಂಕಿಗಳ ಮೊತ್ತ 36. ಮೊತ್ತ 9ರ ಅಪವರ್ತ್ಯವಾದರೆ ಸಂಖ್ಯೆಯೂ 9ರ ಅಪವರ್ತ್ಯ. ವರ್ಗವನ್ನು 9ರಿಂದ ಭಾಗಿಸಿದರೆ ಉಳಿಯುವುದು 0, 1, 4, 7 ಮಾತ್ರ; ಇಲ್ಲಿ 0, ಇದೂ ಒಪ್ಪುತ್ತದೆ. ಈ ಪರೀಕ್ಷೆಗಳಲ್ಲಿ ಸೋತ ಸಂಖ್ಯೆ ವರ್ಗವಲ್ಲ ಎಂದು ಖಚಿತವಾಗಿ ಹೇಳಬಹುದು. ಗೆದ್ದರೆ ಮಾತ್ರ ಇನ್ನೂ ಏನೂ ಸಿದ್ಧವಾಗಿಲ್ಲ, ಮೂಲವನ್ನು ತೆಗೆದೇ ನೋಡಬೇಕು.

ಜೋಡಿಗಳ ಸಾಲನ್ನು ತೆಗೆದುಕೊಳ್ಳಿ. ಮೊದಲ ಗುಂಪು 1, ಅದರ ಮೂಲ 1, ಶೇಷ ಸೊನ್ನೆ. 23 ಇಳಿಸಿ. ಈವರೆಗಿನ ಮೂಲದ ಇಮ್ಮಡಿ 2. ಅದರ ಮುಂದೆ 1 ಸೇರಿಸಿದರೆ 21, ಅದನ್ನು 23ರಿಂದ ಕಳೆದರೆ ಶೇಷ 2. 45 ಇಳಿಸಿದರೆ 245; ಮೂಲ 11ರ ಇಮ್ಮಡಿ 22, ಮುಂದೆ 1 ಸೇರಿಸಿ 221, ಶೇಷ 24. 65 ಇಳಿಸಿ 2465, ಕಳೆಯಬೇಕಾದ್ದು 2221, ಶೇಷ 244. 43 ಇಳಿಸಿ 24443, ಕಳೆಯಬೇಕಾದ್ದು 22221, ಶೇಷ 2222. ಕೊನೆಯ 21 ಇಳಿಸಿದಾಗ 222221 ಆಗುತ್ತದೆ, ಕಳೆಯಬೇಕಾದ್ದೂ 222221. ಶೇಷ ಸೊನ್ನೆ. ವರ್ಗಮೂಲ 111111.

ಕೈಯಿಂದ ವರ್ಗಮೂಲ ತೆಗೆಯುವುದನ್ನು ಕಷ್ಟದ ಕೆಲಸವೆಂದು ಮಕ್ಕಳಿಂದ ದೂರ ಇಡುವವರಿಗೆ ನಾನು ಈ ಲೆಕ್ಕವನ್ನೇ ತೋರಿಸುತ್ತೇನೆ. ಪ್ರತಿ ಸುತ್ತಿನಲ್ಲಿ ಬರುವ ಅಂಕಿ 1 ಮಾತ್ರ, ಆದ್ದರಿಂದ ಊಹಿಸಬೇಕಾದ್ದು ಏನೂ ಇಲ್ಲ. ವಿಧಾನದ ಎಲುಬುಗೂಡು ಮಾತ್ರ ಎದ್ದು ಕಾಣುತ್ತದೆ. ಮೊದಲ ಬಾರಿಗೆ ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಮೆಟ್ಟಿಲು ಏಕೆ ಮೂಡಿತು ಎಂಬುದೂ ಈಗ ತಿಳಿಯುತ್ತದೆ. 111111ನ್ನು 111111ರಿಂದ ಉದ್ದ ಗುಣಾಕಾರ ಮಾಡಿದರೆ ಆರು ಸಾಲು ಬರುತ್ತದೆ, ಪ್ರತಿ ಸಾಲೂ ಹಿಂದಿನದಕ್ಕಿಂತ ಒಂದು ಸ್ಥಾನ ಎಡಕ್ಕೆ ಸರಿದಿರುತ್ತದೆ. ಬಿಡಿ ಸ್ಥಾನದಲ್ಲಿ ಒಂದೇ 1, ಹತ್ತರ ಸ್ಥಾನದಲ್ಲಿ ಎರಡು, ನಡುವೆ ಆರು, ಮತ್ತೆ ಇಳಿಕೆ. ದಶಕ ಉಳಿಯದಿರುವಷ್ಟು ಹೊತ್ತು ಈ ಆಟ ನಡೆಯುತ್ತದೆ. ಒಂಬತ್ತು ಒಂದುಗಳ ವರ್ಗ 12345678987654321. ಹತ್ತು ಒಂದುಗಳಿಗೆ ಹೋದರೆ ನಡುವಿನ ಸ್ಥಾನದಲ್ಲಿ ಹತ್ತು ತುಂಬಿ ಎಡಕ್ಕೆ ಹರಿಯುತ್ತದೆ. ಉತ್ತರ 1234567900987654321, ಹಾರ ಹರಿಯಿತು.

ಮೂರನೆಯ ಹೆಜ್ಜೆ: ಒಡೆಯುವುದು

ಇಡೀ ಕೆಲಸದ ತಿರುಳು ಇಲ್ಲಿದೆ. ಸಂಖ್ಯೆಯನ್ನು ಅವಿಭಾಜ್ಯಗಳಾಗಿ ಒಡೆದರೆ ಉಳಿದ ಗುಣಗಳು ತಾವಾಗಿ ಬರುತ್ತವೆ. ಯಾವ ಉಪಾಯವೂ ತಿಳಿಯದಿದ್ದರೆ ವರ್ಗಮೂಲದವರೆಗಿನ ಅವಿಭಾಜ್ಯಗಳಿಂದ ಒಂದೊಂದಾಗಿ ಭಾಗಿಸುತ್ತ ಹೋಗಬೇಕಾಗಬಹುದು. ಒಂದು ಲಕ್ಷದೊಳಗೇ 9592 ಅವಿಭಾಜ್ಯಗಳಿವೆ, ನಮ್ಮ ವರ್ಗಮೂಲ ಅದಕ್ಕೂ ಆಚೆ ಇದೆ. ಆದ್ದರಿಂದ ಉಪಾಯ ಬೇಕು.

ಮೂರರ ಗುಂಪುಗಳನ್ನು ನೋಡಿ: 12 | 345 | 654 | 321. ಬಲಗಡೆಯಿಂದ ಒಂದು ಬಿಟ್ಟು ಒಂದು ಗುಂಪನ್ನು ಕೂಡಿಸಿ. 321 + 345 = 666. ಉಳಿದವು 654 + 12 = 666. ವ್ಯತ್ಯಾಸ ಸೊನ್ನೆ. ಹೀಗಾದರೆ ಸಂಖ್ಯೆ 1001ರಿಂದ ನಿಶ್ಶೇಷವಾಗಿ ಭಾಗವಾಗುತ್ತದೆ, ಏಕೆಂದರೆ 1000 ಎಂಬುದು 1001ಕ್ಕೆ ಒಂದು ಕಡಿಮೆ. ಸಾವಿರದ ಪ್ರತಿ ಏಣಿಯಲ್ಲೂ ಕೂಡು-ಕಳೆ ಚಿಹ್ನೆ ಅದಲುಬದಲಾಗುತ್ತದೆ. 1001 = 7 × 11 × 13. ಒಂದೇ ಪರೀಕ್ಷೆಯಲ್ಲಿ ಮೂರು ಅವಿಭಾಜ್ಯಗಳು ಸಿಕ್ಕವು. ಏಳರ ಭಾಗಾಕಾರಕ್ಕೆ ಸುಲಭದ ಗುರುತಿಲ್ಲ ಎಂದು ಶಾಲೆಯಲ್ಲಿ ಕೇಳಿದವರು ಇದನ್ನು ಬರೆದಿಟ್ಟುಕೊಳ್ಳಿ.

ಈಗ 1001ರಿಂದ ಭಾಗಿಸಿ. ಬರುವುದು 12333321. ಮತ್ತೆ ಅದೇ ಪರೀಕ್ಷೆ: 12 | 333 | 321; 321 + 12 = 333, ವ್ಯತ್ಯಾಸ ಮತ್ತೆ ಸೊನ್ನೆ. ಮತ್ತೊಮ್ಮೆ 1001ರಿಂದ ಭಾಗಿಸಿ: 12321. ಹಾರದೊಳಗೆ ಹಾರ, ಅದರೊಳಗೆ ಇನ್ನೊಂದು. 12321ರ ಅಂಕಿಗಳ ಮೊತ್ತ 9, ಆದ್ದರಿಂದ 9ರಿಂದ ಭಾಗಿಸಿ 1369. ಅದು 37ರ ವರ್ಗ.

ಹಾಳೆಯ ನಡುವೆ ದಪ್ಪಗೆ ಬರೆಯಿರಿ:

12345654321 = 3² × 7² × 11² × 13² × 37²

ಮಹಾವೀರ ಆರಿಸಿಕೊಂಡ 441 ಯಾವುದು ಎಂಬುದು ಈಗ ಬಯಲಾಯಿತು. 3² × 7² = 441. ಉಳಿದ 11² × 13² × 37² ಗುಣಿಸಿದರೆ 27994681, ಅಂದರೆ 5291ರ ವರ್ಗ. ಕಾರಣ ತಿಳಿಯದವರಿಗೆ ಬೆರಗು ಹುಟ್ಟಿಸಲು ಆತ ಎರಡು ವರ್ಗಗಳನ್ನು ಮರೆಮಾಡಿ ಇಟ್ಟಿದ್ದಾನೆ.

ನಾಲ್ಕನೆಯ ಹೆಜ್ಜೆ: ಭಾಜಕಗಳನ್ನು ಎಣಿಸಿ, ಕೂಡಿಸಿ

ನಮ್ಮ ಸಂಖ್ಯೆಯ ಯಾವುದೇ ಭಾಜಕವನ್ನು ಕಟ್ಟಬೇಕಾದರೆ 3ನ್ನು ಸೊನ್ನೆ, ಒಂದು ಇಲ್ಲವೇ ಎರಡು ಸಲ ತೆಗೆದುಕೊಳ್ಳಬಹುದು. 7, 11, 13, 37ಕ್ಕೂ ಹಾಗೆಯೇ. ಮೂರು ಆಯ್ಕೆಗಳು ಐದು ಸಲ: 3 × 3 × 3 × 3 × 3 = 243 ಭಾಜಕಗಳು. 111111 ತನಗೆ ತಾನೇ ಜೊತೆ; ಉಳಿದ 242 ಭಾಜಕಗಳು 121 ಜೋಡಿಗಳಾಗುತ್ತವೆ. ಈ ಹಾರವನ್ನು ಎರಡು ಸಂಖ್ಯೆಗಳ ಗುಣಲಬ್ಧವಾಗಿ ಒಟ್ಟು 122 ಬಗೆಯಲ್ಲಿ ಬರೆಯಬಹುದು ಎಂದಾಯಿತು. ಮಹಾವೀರನದು ಅವುಗಳಲ್ಲಿ ಒಂದು.

ಭಾಜಕಗಳ ಮೊತ್ತಕ್ಕೆ 243ನ್ನೂ ಪಟ್ಟಿ ಮಾಡಬೇಕಿಲ್ಲ. ಪ್ರತಿ ಅವಿಭಾಜ್ಯಕ್ಕೂ ಒಂದು, ಅದು, ಅದರ ವರ್ಗ ಇಷ್ಟನ್ನು ಕೂಡಿಸಿ:

3ಕ್ಕೆ: 1 + 3 + 9 = 13
7ಕ್ಕೆ: 1 + 7 + 49 = 57
11ಕ್ಕೆ: 1 + 11 + 121 = 133
13ಕ್ಕೆ: 1 + 13 + 169 = 183
37ಕ್ಕೆ: 1 + 37 + 1369 = 1407

ಈ ಐದನ್ನೂ ಗುಣಿಸಿದರೆ ಮೊತ್ತ ಸಿಗುತ್ತದೆ. ಆದರೆ ನಿಧಾನವಾಗಿ ಗುಣಿಸಿ, ಮೊದಲ ನಾಲ್ಕಾದ ಮೇಲೆ ಒಂದು ಕ್ಷಣ ನಿಲ್ಲಿ. 13 × 57 = 741. 741 × 133 = 98553. 98553 × 183 = 18035199.

ಇದು 3² × 7² × 11² × 13² ಎಂಬ ಸಂಖ್ಯೆಯ ಭಾಜಕಗಳ ಮೊತ್ತ. ಆ ಸಂಖ್ಯೆ 3003ರ ವರ್ಗ, 9018009. ಒಂದು ಸಂಖ್ಯೆಯ ಭಾಜಕಗಳೆಲ್ಲವನ್ನೂ ಕೂಡಿಸಿದಾಗ ಸರಿಯಾಗಿ ಅದರ ಇಮ್ಮಡಿ ಬಂದರೆ ಅದನ್ನು ಪರಿಪೂರ್ಣ ಸಂಖ್ಯೆ ಎನ್ನುತ್ತಾರೆ: 6, 28, 496, 8128 ಹೀಗೆ. ಇಲ್ಲಿ ಇಮ್ಮಡಿ 18036018. ನಮ್ಮ ಮೊತ್ತ 18035199. ಒಂದು ಕೋಟಿ ಎಂಬತ್ತು ಲಕ್ಷಕ್ಕೂ ಮೀರಿದ ಲೆಕ್ಕದಲ್ಲಿ ಕೊರತೆ ಬರೀ 819! ಮೊದಲ ಸಲ ಈ ವ್ಯವಕಲನ ಮಾಡಿದಾಗ ನಾನು ಎಲ್ಲೋ ತಪ್ಪಿದ್ದೇನೆಂದು ಮತ್ತೆ ಗುಣಿಸಿ ನೋಡಿದೆ. ತಪ್ಪಿರಲಿಲ್ಲ.

ಈ ಕೊರತೆಯನ್ನು ತುಂಬಲು ಇನ್ನೊಂದು ಅವಿಭಾಜ್ಯವನ್ನು ಒಮ್ಮೆ ಸೇರಿಸಿದರೆ ಸಾಕೇ? ಆ ಅವಿಭಾಜ್ಯವನ್ನು ಪ ಎನ್ನೋಣ. ಅದು ಸೇರಿದರೆ ಭಾಜಕಗಳ ಮೊತ್ತ (ಪ + 1) ಪಟ್ಟು ಆಗುತ್ತದೆ, ಸಂಖ್ಯೆ ಪ ಪಟ್ಟು ಆಗುತ್ತದೆ. ಇಮ್ಮಡಿಗೆ ಸರಿಹೊಂದಬೇಕಾದರೆ 18035199 × (ಪ + 1) = 18036018 × ಪ. ಎರಡೂ ಕಡೆಯಿಂದ 18035199 × ಪ ಕಳೆದರೆ 18035199 = 819 × ಪ. ಭಾಗಿಸಿ: ಪ = 22021, ಶೇಷವಿಲ್ಲ.

1638ರಲ್ಲಿ ಫ್ರೆಂಚ್ ತತ್ತ್ವಜ್ಞಾನಿ ರೆನೆ ಡೇಕಾರ್ಟ್, ಮರೀನ್ ಮೆರ್ಸೆನ್‌ಗೆ ಬರೆದ ಪತ್ರದಲ್ಲಿ ಹೇಳಿದ್ದು ಈ ಸಂಖ್ಯೆಯನ್ನೇ. 9018009 × 22021 = 198585576189. 22021 ಅವಿಭಾಜ್ಯವಾಗಿದ್ದರೆ ಇದು ಬೆಸ ಪರಿಪೂರ್ಣ ಸಂಖ್ಯೆಯಾಗುತ್ತಿತ್ತು. ಆದರೆ 22021 = 19 × 19 × 61. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಬೆಸ ಪರಿಪೂರ್ಣ ಸಂಖ್ಯೆಯನ್ನು ಇಂದಿಗೂ ಯಾರೂ ಕಂಡಿಲ್ಲ. ಅಂಥದ್ದು ಇರಲಾರದು ಎಂದೂ ಯಾರೂ ಸಾಧಿಸಿಲ್ಲ. ಮಳಖೇಡದ ದೊರೆಯನ್ನು ಹೊಗಳಿದವನ ಹಾರ ಮತ್ತು ಡೇಕಾರ್ಟ್‌ನ ಸಂಖ್ಯೆ ಎರಡೂ 3003ರ ವರ್ಗದ ಮೇಲೆಯೇ ಕಟ್ಟಿದವು ಎಂಬುದು ನನಗೆ ಬಹಳ ಪ್ರಿಯವಾದ ಸಂಗತಿ. ಒಬ್ಬರಿಂದ ಒಬ್ಬರಿಗೆ ಹರಿದದ್ದಲ್ಲ. 1001 ಎಂಬ ಸಂಖ್ಯೆಯೇ ಅಷ್ಟು ಫಲವತ್ತಾದದ್ದು.

ಈಗ ನಿಲ್ಲಿಸಿದ್ದ ಗುಣಾಕಾರವನ್ನು ಮುಗಿಸಿ. 18035199 × 1407 = 25375524993. ನಮ್ಮ ಸಂಖ್ಯೆಯ ಇಮ್ಮಡಿ 24691308642. ಮೊತ್ತ ಇಮ್ಮಡಿಯನ್ನು ದಾಟಿದೆ, ಹೆಚ್ಚುವರಿ 684216351. ಹೀಗೆ ಇಮ್ಮಡಿಯನ್ನು ದಾಟುವ ಸಂಖ್ಯೆಯನ್ನು ಸಮೃದ್ಧ ಸಂಖ್ಯೆ ಎನ್ನಬಹುದು. ಸಮ ಸಂಖ್ಯೆಗಳಲ್ಲಿ ಇವು 12ರಿಂದಲೇ ಸಿಗುತ್ತವೆ. ಬೆಸ ಸಂಖ್ಯೆಗಳಲ್ಲಿ ವಿರಳ, ಮೊದಲನೆಯದು 945. 3003ರ ವರ್ಗ ಹೊಸ್ತಿಲವರೆಗೆ ಬಂದು ನಿಂತಿತ್ತು, 37 ಅದನ್ನು ಒಳಕ್ಕೆ ತಳ್ಳಿತು. 22021ಕ್ಕಿಂತ ಚಿಕ್ಕದಾದ ಯಾವ ಹೊಸ ಅವಿಭಾಜ್ಯ ಬಂದರೂ ತಳ್ಳುತ್ತಿತ್ತು.

ಇಷ್ಟು ದೊಡ್ಡ ಗುಣಾಕಾರದ ನಂತರ ಒಂಬತ್ತರ ಪರೀಕ್ಷೆ ಮಾಡಿ. 18035199ರ ಅಂಕಿಗಳ ಮೊತ್ತ 36, ಅಂದರೆ 9ರ ಅಪವರ್ತ್ಯ. ಉತ್ತರದ ಅಂಕಿಗಳ ಮೊತ್ತ 54, ಅದೂ 9ರ ಅಪವರ್ತ್ಯ. ಸರಿಯಿದೆ. ಆದರೆ ಎರಡು ಅಂಕಿಗಳು ಸ್ಥಾನ ಬದಲಿಸಿದ್ದರೆ ಈ ಪರೀಕ್ಷೆ ಅದನ್ನು ಹಿಡಿಯಲಾರದು. ಆ ಅನುಮಾನವಿದ್ದರೆ ಮೊಬೈಲ್ ತೆಗೆಯಿರಿ.

ಐದನೆಯ ಹೆಜ್ಜೆ: ಒಂದೇ ಕರ್ಣದ ನಾಲ್ಕು ತ್ರಿಭುಜಗಳು

ನಮ್ಮ ಸಂಖ್ಯೆ ವರ್ಗವಾದ್ದರಿಂದ ಅದನ್ನು ಎರಡು ವರ್ಗಗಳ ಮೊತ್ತವಾಗಿ ಬರೆಯಲು ಸಾಧ್ಯವಾದರೆ, 111111 ಕರ್ಣವಾಗಿರುವ ಲಂಬಕೋನ ತ್ರಿಭುಜ ಸಿಗುತ್ತದೆ. ಇದಕ್ಕೆ ನೆರವಾಗುವುದು 4ರಿಂದ ಭಾಗಿಸಿದಾಗ 1 ಉಳಿಯುವ ಅವಿಭಾಜ್ಯಗಳು ಮಾತ್ರ. 3, 7, 11ರಲ್ಲಿ ಶೇಷ 3 ಉಳಿಯುತ್ತದೆ, ಅವು ನೆರವಾಗುವುದಿಲ್ಲ. 13 ಮತ್ತು 37ರಲ್ಲಿ 1 ಉಳಿಯುತ್ತದೆ. ಆದ್ದರಿಂದ 111111ನ್ನು 231 × 481 ಎಂದು ಬೇರೆ ಮಾಡಿ. 231 = 3 × 7 × 11, 481 = 13 × 37. ಕೆಲಸವೆಲ್ಲ 481ರಲ್ಲಿ; 231 ಕೊನೆಯಲ್ಲಿ ಗುಣಿಸಲು.

13 = 3² + 2². ಇಲ್ಲಿ 3 ಮತ್ತು 2 ಬೀಜಗಳು. ವರ್ಗಗಳ ವ್ಯತ್ಯಾಸ 5, ಗುಣಲಬ್ಧದ ಇಮ್ಮಡಿ 12. 13ರ ತ್ರಿಭುಜ 5, 12, 13. ಹಾಗೆಯೇ 37 = 6² + 1², ಬೀಜಗಳು 6 ಮತ್ತು 1, ತ್ರಿಭುಜ 35, 12, 37. ಈಗ ನಾಲ್ಕು ದಾರಿಗಳು:

5 ಮತ್ತು 12ನ್ನು 37ರಿಂದ ಗುಣಿಸಿ: 185, 444.
35 ಮತ್ತು 12ನ್ನು 13ರಿಂದ ಗುಣಿಸಿ: 455, 156.
ಉಳಿದ ಎರಡಕ್ಕೆ ಬ್ರಹ್ಮಗುಪ್ತನ ಸೂತ್ರ ಬೇಕು. ಎರಡು ತ್ರಿಭುಜಗಳ ಭುಜಗಳನ್ನು ಅಡ್ಡಡ್ಡ ಗುಣಿಸಿ ಒಮ್ಮೆ ಕಳೆಯುವುದು, ಒಮ್ಮೆ ಕೂಡುವುದು. 5 × 35 − 12 × 12 = 31, 5 × 12 + 12 × 35 = 480. ಎರಡನೆಯ ತ್ರಿಭುಜದ ಭುಜಗಳನ್ನು ಅದಲುಬದಲು ಮಾಡಿದರೆ 12 × 35 − 5 × 12 = 360, 5 × 35 + 12 × 12 = 319.

ಎಲ್ಲವನ್ನೂ 231ರಿಂದ ಗುಣಿಸಿ. 111111 ಕರ್ಣವಾಗಿರುವ ನಾಲ್ಕು ತ್ರಿಭುಜಗಳ ಭುಜಗಳು: 42735 ಮತ್ತು 102564, 36036 ಮತ್ತು 105105, 7161 ಮತ್ತು 110880, 73689 ಮತ್ತು 83160. ಇನ್ನೊಂದು ಇಲ್ಲ. ಎರಡನೆಯದನ್ನು ತಾಳೆ ನೋಡುವುದು ಬಹಳ ಸುಲಭ: 36036 = 36 × 1001, 105105 = 105 × 1001; 36² + 105² = 1296 + 11025 = 12321. ಮೂರನೆಯ ಹೆಜ್ಜೆಯಲ್ಲಿ ಕಂಡ ಒಳಗಿನ ಹಾರ ಇಲ್ಲಿ ಮತ್ತೆ ಬಂತು.

ಬೀಜಗಳಿಂದ ತ್ರಿಭುಜ, ಆಯತಗಳನ್ನು ಹುಟ್ಟಿಸುವ ಈ ಕೆಲಸಕ್ಕೂ ಮಹಾವೀರನ ಗ್ರಂಥದಲ್ಲಿ ಜಾಗವಿದೆ. ಕರ್ಣ 65 ಇರುವ ನಾಲ್ಕು ಆಯತಗಳನ್ನು ಆತ ಕೊಡುತ್ತಾನೆ: 39 ಮತ್ತು 52, 25 ಮತ್ತು 60, 33 ಮತ್ತು 56, 16 ಮತ್ತು 63. 65 = 5 × 13, ಎರಡೂ 4ರಿಂದ ಭಾಗಿಸಿದಾಗ 1 ಉಳಿಯುವಂಥವು. ನಾವು 481ರಿಂದ ಪಡೆದ ನಾಲ್ಕು ಹುಟ್ಟಿದ್ದು ಇದೇ ರೀತಿಯಲ್ಲಿ. ದೊಡ್ಡ ಲೆಕ್ಕಕ್ಕೆ ಕೈಹಾಕುವ ಮುನ್ನ 65ರ ಮೇಲೆ ಒಮ್ಮೆ ಅಭ್ಯಾಸ ಮಾಡಿದರೆ ಕೈ ಪಳಗುತ್ತದೆ.

ಆರನೆಯ ಹೆಜ್ಜೆ: ದಶಮಾಂಶಗಳು

ಇದು ಚಿಕ್ಕದು. 111111 × 9 = 999999. ಹಾಗಾಗಿ ನಮ್ಮ ಐದು ಅವಿಭಾಜ್ಯಗಳೂ 999999ನ್ನು ಭಾಗಿಸುತ್ತವೆ. 1ನ್ನು ಆಯಾ ಸಂಖ್ಯೆಯಿಂದ ಭಾಗಿಸಿದಾಗ ದಶಮಾಂಶದಲ್ಲಿ ಮತ್ತೆ ಮತ್ತೆ ಬರುವ ಅಂಕಿಗಳ ಗುಂಪು, ಅಂದರೆ ಆವರ್ತ, ಈ ಭಾಗಲಬ್ಧವೇ. 999999 ÷ 7 = 142857, ಅದೇ 1/7ರ ಆವರ್ತ. 999999 ÷ 13 = 076923, ಅದು 1/13ರದು. 37ಕ್ಕೆ 027027 ಬರುತ್ತದೆ, ಅಂದರೆ ಆವರ್ತ ಮೂರೇ ಅಂಕಿಗಳದು. 11ಕ್ಕೆ 090909, ಎರಡು ಅಂಕಿಗಳದು. 3ಕ್ಕೆ 333333, ಒಂದೇ ಅಂಕಿ. ಒಂದು, ಎರಡು, ಮೂರು, ಆರು: ನಾಲ್ಕೂ 6ರ ಭಾಜಕಗಳು.

ನಿಮ್ಮದೇ ಹಾರಗಳು

ಇದೇ ಹೆಜ್ಜೆಗಳನ್ನು ಅಕ್ಕಪಕ್ಕದ ಮೆಟ್ಟಿಲುಗಳ ಮೇಲೆ ಪ್ರಯೋಗಿಸಿ. 123454321ರ ವರ್ಗಮೂಲ 11111. ಅಲ್ಲಿ 3, 7, 11, 13, 37 ಯಾವುದೂ ಹೊಂದುವುದಿಲ್ಲ. 41ರವರೆಗೆ ಹೋದಾಗ 41 × 271 ಸಿಗುತ್ತದೆ. 1234567654321ರ ವರ್ಗಮೂಲ 1111111, ಅದು 239 × 4649. ಎರಡೂ ವರ್ಗಗಳಿಗೆ ಒಂಬತ್ತೊಂಬತ್ತೇ ಭಾಜಕಗಳು. ಅವುಗಳ ನಡುವೆ ನಿಂತ ನಮ್ಮದಕ್ಕೆ 243! ಐದು ಮತ್ತು ಏಳು ಅವಿಭಾಜ್ಯಗಳು. ಆರು ಒಂದುಗಳನ್ನು ಮಾತ್ರ 11ರ ಮೂರು ತುಂಡುಗಳಾಗಿಯೂ 111ರ ಎರಡು ತುಂಡುಗಳಾಗಿಯೂ ಕತ್ತರಿಸಬಹುದು, ಆದ್ದರಿಂದ 11 ಮತ್ತು 111 ಎರಡೂ 111111ನ್ನು ಭಾಗಿಸುತ್ತವೆ.

ಎಂಟು ಒಂದುಗಳಿಗೆ ಮಹಾವೀರನ ಇನ್ನೊಂದು ಹಾರವೇ ಸುಳಿವು ಕೊಡುತ್ತದೆ: 152207 × 73 = 11111111. 152207ನ್ನು ಮುಂದೆ ಒಡೆಯುವುದು ನಿಮಗೆ. 11, 101 ಮತ್ತು 137 ಸಿಗಬೇಕು. ಒಂಬತ್ತು ಒಂದುಗಳಿಗೆ ಆತ ಕೊಟ್ಟದ್ದು 12345679 × 9. ಅಲ್ಲಿ 12345679ನ್ನು 37ರಿಂದ ಭಾಗಿಸಿದರೆ 333667 ಬರುತ್ತದೆ. ಅದು ಇನ್ನೂ ಒಡೆಯುತ್ತದೆಯೇ ಎಂದು ತಿಳಿಯಲು 577ರವರೆಗಿನ 106 ಅವಿಭಾಜ್ಯಗಳನ್ನು ಪರೀಕ್ಷಿಸಬೇಕು. 2, 3, 5ಕ್ಕೆ ಕೊನೆಯ ಅಂಕಿ ಮತ್ತು ಅಂಕಿಗಳ ಮೊತ್ತ ಸಾಕು. 7, 11, 13ಕ್ಕೆ 667ರಿಂದ 333 ಕಳೆದು 334ನ್ನು ನೋಡಿ. 17ರಿಂದ ಮುಂದಕ್ಕೆ ಪೆನ್ಸಿಲ್ ಹಿಡಿದು ಭಾಗಿಸುತ್ತ ಹೋಗಿ.